ಬಾಟಲಿಯಿಂದ ಬಟ್ಟೆ



2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಹೊಸ ಸಮವಸ್ತ್ರವೊಂದು ಬಿಡುಗಡೆಯಾಯಿತು. ಬಳಸಿ ಬಿಸಾಡಿದ ಪ್ಲಾಸ್ಟಿಕ್ ಬಾಟಲಿಗಳಿಂದ ಮಾಡಿದ ಬಟ್ಟೆ ಅದು. ಒಂದು ಜೊತೆ ಸಮವಸ್ತ್ರದಿಂದ ಸುಮಾರು 28 ಬಾಟಲಿಗಳ ಮರುಬಳಕೆಯಾಗುತ್ತದೆಂದು ಸಂಸ್ಥೆ ತಿಳಿಸಿತು.

ಬಾಟಲಿ ಬಟ್ಟೆಯಾಗುವುದು ಹೇಗೆ? ನೀರಿನ ಬಾಟಲಿ ಮತ್ತು ಪಾಲಿಯೆಸ್ಟರ್ ಎರಡೂ ರಾಸಾಯನಿಕವಾಗಿ ಒಂದೇ ವಸ್ತು. ಬಾಟಲಿಯ ಮುಚ್ಚಳ, ಚೀಟಿ ತೆಗೆದು, ಚೂರು ಮಾಡಿ, ತೊಳೆದು ಒಣಗಿಸಿ, 260 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಕರಗಿಸುತ್ತಾರೆ. ಕರಗಿದ್ದನ್ನು ಸೂಕ್ಷ್ಮ ರಂಧ್ರಗಳ ತಟ್ಟೆಯ ಮೂಲಕ ಶಾವಿಗೆ ಒತ್ತಿದ ಹಾಗೆ ಒತ್ತಿದರೆ ಎಳೆ ಸಿದ್ಧ. ಹೊಸ ಪಾಲಿಯೆಸ್ಟರಿಗೆ ಕಚ್ಚಾ ತೈಲವೇ ಮೂಲವಸ್ತು. ಇದಕ್ಕೆ ಅದು ಬೇಡ, ಇಂಧನದ ಖರ್ಚೂ ಕಡಿಮೆ. ಇಷ್ಟನ್ನು ಒಪ್ಪಲೇಬೇಕು.

ಆದರೆ ಈ ಬಟ್ಟೆ ಹರಿದ ಮೇಲೆ? ಬಾಟಲಿಯನ್ನು ಕರಗಿಸಿ ಮತ್ತೆ ಬಾಟಲಿ ಮಾಡಬಹುದು. ಬಟ್ಟೆಯ ಕಥೆ ಹಾಗಲ್ಲ. ಶಾಲೆಯ ಸಮವಸ್ತ್ರಕ್ಕೆ ಬಳಸುವ ಟೆರಿಕಾಟ್ ಬಟ್ಟೆಯನ್ನೇ ನೋಡಿ. ಅದರಲ್ಲಿ ಪಾಲಿಯೆಸ್ಟರ್ ಮತ್ತು ಹತ್ತಿ ಒಂದೇ ನೂಲಿನಲ್ಲಿ ಬೆರೆತಿರುತ್ತವೆ. ಅವನ್ನು ಬೇರ್ಪಡಿಸುವುದು ಕಷ್ಟ, ದುಬಾರಿ ಕೂಡ. ಆದ್ದರಿಂದಲೇ ಇಂದು ಮಾರುಕಟ್ಟೆಗೆ ಬರುವ ಮರುಬಳಕೆಯ ಪಾಲಿಯೆಸ್ಟರ್ ಬಹುಪಾಲು ಬಾಟಲಿಯಿಂದ ಬಂದದ್ದು, ಹಳೆಯ ಬಟ್ಟೆಯಿಂದಲ್ಲ.

ಇನ್ನೊಂದು ತೊಡಕು ನೀರಿನದು. 6 ಕಿಲೋ ಪಾಲಿಯೆಸ್ಟರ್ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದರೆ ಸುಮಾರು 5 ಲಕ್ಷ ಸೂಕ್ಷ್ಮ ಎಳೆಗಳು ಉದುರಬಹುದೆಂದು 2016ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಅಂದಾಜು ಮಾಡಿದರು. ಅವು ಬೇಗ ಕೊಳೆಯುವಂಥವಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ತಂಗಿ, ಗೋಕಾಕದಲ್ಲಿ ಧುಮುಕಿ, ಕೃಷ್ಣೆಯನ್ನು ಸೇರುವ ಘಟಪ್ರಭೆಗೆ ಎಳೆ ಹೊಸದೋ ಮರುಬಳಕೆಯದೋ ಎಂಬ ಭೇದವಿಲ್ಲ.

ಈ ಭಾಗದ ಮನೆಗಳಲ್ಲಿ ಹಳೆಯ ಅರಿವೆಯ ಮರುಬಳಕೆಗೆ ಬೇರೊಂದು ದಾರಿಯಿದೆ, ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿಯುತ್ತಾರೆ. ಇಲ್ಲಿ ಕರಗಿಸುವುದೂ ಇಲ್ಲ, ಬೇರ್ಪಡಿಸುವುದೂ ಇಲ್ಲ. ಟೆರಿಕಾಟ್ ಬೆವರು ಹೀರದು ಎಂದು ಅಜ್ಜಿಯರು ಗೊಣಗಿದರೆ ಅದು ನ್ಯಾಯವೇ. ಅದನ್ನು ಒಳಪದರಕ್ಕೆ ಹಾಕಿ, ಮೈಗೆ ತಾಗುವ ಕಡೆ ಹತ್ತಿಯ ಸೀರೆ ಹಾಕಿದರಾಯಿತು. ಹಾಗೆಂದು ಒಂದು ಮನೆಗೆ ಎಷ್ಟು ಕೌದಿ ಬೇಕು? ನಾವು ಕೊಳ್ಳುವ ಬಟ್ಟೆಯನ್ನೆಲ್ಲ ಅದು ನುಂಗಲಾರದು. ಕೊಳ್ಳುವುದೇ ಕಡಿಮೆಯಾಗಬೇಕು. ಬರುವ ಜೂನ್‌ನಲ್ಲಿ ಸಮವಸ್ತ್ರ ಹೊಲಿಯಲು ಕೊಡುವಾಗ, ಒಳಗೆ ಎರಡು ಅಂಗುಲ ಹೆಚ್ಚು ಬಟ್ಟೆ ಮಡಚಿ ಬಿಡಿರೆಂದು ಸಿಂಪಿಗರಿಗೆ ಹೇಳಿ. ಇನ್ನೊಂದು ವರ್ಷ ನಿಮಗೇ ಆದೀತು, ಆಮೇಲೆ ತಮ್ಮನಿಗೋ ತಂಗಿಗೋ.