ಮುಂಗುಸಿ ನಾಯಿಯಾದ ಕಥೆ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ – ನೀವು ಯಾವ ಕಡೆಯವರೇ ಆಗಿರಿ, ಮುಂಗುಸಿ ಕಥೆ ಕೇಳಿರ್ತೀರಿ. ಒಂದು ಮನೆ. ತೊಟ್ಟಿಲಲ್ಲಿ ಕೂಸು. ಮನೆಯಲ್ಲಿ ಸಾಕಿದ ಮುಂಗುಸಿ. ತಾಯಿ ನೀರಿಗೆ ಹೋದಳು. ಆಗ ಹಾವು ಬಂತು. ಮುಂಗುಸಿ ಹಾವನ್ನು ಕಚ್ಚಿ ಕೊಂದಿತು. ತಾಯಿ ಬಂದಾಗ ಬಾಗಿಲಿಗೆ ಓಡಿ ಬಂತು. ಅದರ ಬಾಯಿಗೆ ರಕ್ತ ಮೆತ್ತಿತ್ತು. "ಅಯ್ಯೋ, ನನ್ನ ಕೂಸನ್ನ ತಿಂದುಬಿಡ್ತು!" ಅಂತ ತಾಯಿ ತುಂಬಿದ ಕೊಡವನ್ನೇ ಅದರ ಮೇಲೆ ಎತ್ತಿ ಹಾಕಿದಳು. ಮುಂಗುಸಿ ಸತ್ತಿತು. ಒಳಗೆ ಹೋಗಿ ನೋಡಿದರೆ ಕೂಸು ಆಡ್ತಾ ಇತ್ತು. ಪಕ್ಕದಲ್ಲಿ ಹಾವು ಸತ್ತು ಬಿದ್ದಿತ್ತು.

ಇದು ಪಂಚತಂತ್ರದ ಕಥೆ. ಪಂಚತಂತ್ರ ಮೊದಲು ಸಂಸ್ಕೃತದಲ್ಲಿ ಇತ್ತು. 11ನೇ ಶತಮಾನದಲ್ಲಿ ದುರ್ಗಸಿಂಹ ಎಂಬ ಕವಿ ಕನ್ನಡದಲ್ಲಿ ಪಂಚತಂತ್ರ ಬರೆದ. ಅವನು ಚಾಲುಕ್ಯ ರಾಜನ ಬಳಿ ದೊಡ್ಡ ಅಧಿಕಾರಿಯಾಗಿದ್ದ.

ಅದಕ್ಕೂ ಮೊದಲೇ ಈ ಕಥೆಗಳು ಪರದೇಶಕ್ಕೆ ಹೊರಟಿದ್ದವು. 6ನೇ ಶತಮಾನದಲ್ಲಿ ಇರಾನ್ ದೇಶದ ಒಬ್ಬ ವೈದ್ಯ ಇವನ್ನು ತನ್ನ ಭಾಷೆಗೆ ತಂದ. 8ನೇ ಶತಮಾನದಲ್ಲಿ ಅವು ಅರಬ್ಬಿ ಭಾಷೆಗೆ ಬಂದವು. ಆಮೇಲೆ ಯಹೂದಿಗಳ ಹೀಬ್ರೂ ಭಾಷೆಗೆ ಬಂದವು. 13ನೇ ಶತಮಾನದಲ್ಲಿ ಇಟಲಿ ದೇಶದ ಜಾನ್ ಎಂಬಾತ ಅವನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದ. ಆಗ ಯುರೋಪಿನಲ್ಲಿ ಓದಿದವರ ಭಾಷೆ ಲ್ಯಾಟಿನ್. ಸುಮಾರು 1489ರಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಊರಿನಲ್ಲಿ ಆ ಪುಸ್ತಕ ಅಚ್ಚಾಯಿತು. ಅದರ ತುಂಬ ಚಿತ್ರಗಳು.

ಆ ಚಿತ್ರಗಳನ್ನು ಹೇಗೆ ಮಾಡಿದರು? ಪಂಚಾಯ್ತಿ ಆಫೀಸಿನ ಸೀಲು ನೋಡಿದ್ದೀರಲ್ಲ? ತಿರುಗಿಸಿ ನೋಡಿ. ಅಕ್ಷರ ಉಲ್ಟಾ ಇರ್ತವೆ. ಕಾಗದದ ಮೇಲೆ ಒತ್ತಿದರೆ ಸರಿಯಾಗಿ ಮೂಡ್ತವೆ. ಇದೂ ಹಾಗೇ. ಮರದ ಹಲಗೆಯ ಮೇಲೆ ಚಿತ್ರವನ್ನು ಉಲ್ಟಾ ಬರೀತಿದ್ದರು. ಗೆರೆ ಬಿಟ್ಟು ಉಳಿದ ಮರವನ್ನು ಕೆತ್ತಿ ತೆಗೀತಿದ್ದರು. ಉಬ್ಬಿ ನಿಂತ ಗೆರೆಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತುತ್ತಿದ್ದರು. ಒಂದೇ ಹಲಗೆಯಿಂದ ನೂರಾರು ಚಿತ್ರ!

ದೂರ ಹೋದ ಕಥೆ ಬದಲಾಯಿತು. ನಮ್ಮ ಶೇಂಗಾ ಹೊಲದ ಬದುವಿನಲ್ಲಿ ಓಡಾಡೋ ಮುಂಗುಸಿ ಅಲ್ಲಿ ನಾಯಿಯಾಯಿತು. ಯಾಕೆ? ಆ ಜನ ಮುಂಗುಸಿ ಕಂಡವರಲ್ಲ. ಮನೆ ಕಾಯೋ ನಾಯಿಯನ್ನು ಕಂಡಿದ್ದರು.

ಇನ್ನೊಂದು ಮಾತು ಕೇಳಿ. ನಾವು ಹೇಳೋ ಕಥೆಯಲ್ಲಿ ದುಡುಕಿದವಳು ಹೆಂಗಸು. ಲ್ಯಾಟಿನ್ ಪುಸ್ತಕದಲ್ಲಿ ದುಡುಕಿದವನು ಗಂಡ. ಕೋಲಿನಿಂದ ನಾಯಿಯನ್ನು ಹೊಡೆದು ಕೊಂದವನು ಅವನೇ. ಸಂಸ್ಕೃತದಲ್ಲೇ ಹಿತೋಪದೇಶ ಅಂತ ಇನ್ನೊಂದು ಪುಸ್ತಕ ಇದೆ. ಅದರಲ್ಲೂ ಮುಂಗುಸಿಯನ್ನು ಕೊಂದವನು ಗಂಡನೇ. "ಹೆಂಗಸರ ಬುದ್ಧಿ ಇಷ್ಟೇ" ಅಂತ ಯಾರಾದರೂ ಈ ಕಥೆ ಹೇಳಿದರೆ, ಇದನ್ನು ನೆನಪು ಮಾಡಿ ಕೊಡಿ. ದುಡುಕೋದಕ್ಕೆ ಗಂಡು ಹೆಣ್ಣು ಅಂತ ಇಲ್ಲ.

ರಕ್ತ ಮೆತ್ತಿದ ನಾಯಿಯ ಚಿತ್ರ ಒಂದನ್ನೇ ನೋಡಿದರೆ ನಮಗೆ ಏನನ್ನಿಸುತ್ತೆ? ಕೂಸನ್ನು ಕಚ್ಚಿದೆ ಅಂತಲೇ. ಪಕ್ಕದಲ್ಲಿರೋ ಅಕ್ಷರ ಓದಿದರೆ ನಿಜ ಗೊತ್ತಾಗುತ್ತೆ. ಅಕ್ಷರ ಬಾರದವರಿಗೆ ಬೇರೆಯವರು ಹೇಳಿದ್ದೇ ನಿಜ.

ನಮ್ಮ ಬದುಕಿನಲ್ಲೂ ಹೀಗೇ ಅಲ್ಲವೇ? ಸಂಘದ ಸಾಲದ ಕಾಗದ ಬರುತ್ತೆ. ಪಹಣಿ ಬರುತ್ತೆ. ಬ್ಯಾಂಕಿನ ಪಾಸ್‌ಬುಕ್ ಬರುತ್ತೆ. "ಇಲ್ಲಿ ಒತ್ತಮ್ಮ" ಅಂತಾರೆ. ಹೆಬ್ಬೆಟ್ಟು ಒತ್ತಿಬಿಟ್ಟರೆ ಮುಗೀತು. ಎತ್ತಿ ಹಾಕಿದ ಕೊಡ ತಿರುಗಿ ಕೈಗೆ ಬರೋದಿಲ್ಲ.

ಈಗ ನಿಮಗೆ ಅಕ್ಷರ ಬಂದಿದೆ. ನಿಧಾನವಾದರೂ ಚಿಂತೆಯಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದಿ. ಎಷ್ಟು ಸಾಲ, ಎಷ್ಟು ಬಡ್ಡಿ, ಯಾರ ಹೆಸರು – ನೋಡಿ. ತಿಳಿಯದಿದ್ದರೆ ಕೇಳಿ. ಕಾಯೋರು ಕಾಯಲಿ. ಆಮೇಲೆ ರುಜು ಹಾಕಿ.

ಮನೆಗೆ ಹೋಗಿ ಇವತ್ತು ಮಕ್ಕಳಿಗೆ ಈ ಕಥೆ ಓದಿ ಹೇಳಿ. ನಿಮ್ಮ ಅಜ್ಜಿ ಹೇಳಿದ ಕಥೆ ನೆನಪಿದ್ದರೆ ಅದನ್ನೂ ನಿಮ್ಮ ಪುಸ್ತಕದಲ್ಲಿ ಬರೆದಿಡಿ. ಬರೆದಿಟ್ಟ ಕಥೆ ಎಷ್ಟು ದೂರ ಹೋಗುತ್ತೆ ಅಂತ ಈಗ ನಿಮಗೇ ಗೊತ್ತು.