ಮೊಬೈಲ್ ನಂಬರೇ ಪಾಸ್‌ವರ್ಡ್ ಆದರೆ

ನಿಮ್ಮ ರೇಡಿಯೋದಲ್ಲಿ ಕೇಳುತ್ತಿರುವ ಈ ದನಿ ಪಕ್ಕದ ಮನೆಯ ರೇಡಿಯೋದಲ್ಲೂ ಕೇಳುತ್ತದೆ. ಮನೆಯ ವೈಫೈ ಕೂಡ ರೇಡಿಯೋ ಅಲೆಯೇ. ಎಫ್‌ಎಂ 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿದ್ದರೆ, ವೈಫೈ 2,400 ಅಥವಾ 5,000 ಮೆಗಾಹರ್ಟ್ಸ್‌ನ ಆಚೀಚೆ ಇರುತ್ತದೆ. ಶಕ್ತಿ ಕಡಿಮೆಯಾದ್ದರಿಂದ ಬಹಳ ದೂರ ಹೋಗುವುದಿಲ್ಲ, ಅಷ್ಟೆ. ಮಹಡಿ ಮನೆಗೂ ಎದುರಿನ ರಸ್ತೆಯಲ್ಲಿ ನಿಂತ ಕಾರಿಗೂ ಧಾರಾಳವಾಗಿ ಸಿಗುತ್ತದೆ. ಅಲೆಯನ್ನು ಗೋಡೆಯೊಳಗೆ ಕಟ್ಟಿಹಾಕಲು ಆಗುವುದಿಲ್ಲ. ಅದನ್ನು ಯಾರು ಬಳಸಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

‘ಪಕ್ಕದವರು ಒಂದಿಷ್ಟು ನೆಟ್ ಬಳಸಿಕೊಂಡರೆ ನಮ್ಮ ಗಂಟೇನು ಹೋಯಿತು’ ಎನ್ನುವವರಿದ್ದಾರೆ. ಏನು ಹೋಗಬಹುದು ಎಂಬುದಕ್ಕೆ ಹಳೆಯದೊಂದು ಪ್ರಕರಣ ಕೇಳಿ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷ ಮುಂಚೆ ಸುದ್ದಿ ಸಂಸ್ಥೆಗಳಿಗೆ ಒಂದು ಇಮೇಲ್ ಬಂದಿತ್ತು. ಅದರ ಜಾಡು ಹಿಡಿದ ಪೊಲೀಸರು ಹೋಗಿ ನಿಂತದ್ದು ನವಿ ಮುಂಬೈನ ಒಂದು ಫ್ಲ್ಯಾಟಿನ ಬಾಗಿಲಲ್ಲಿ. ಅಲ್ಲಿದ್ದವರು ಅಮೆರಿಕದ ಒಬ್ಬ ಗೃಹಸ್ಥರು. ಇಮೇಲ್ ಕಳಿಸಿದ್ದು ಅವರಲ್ಲ, ಅವರ ವೈಫೈಗೆ ಭದ್ರತೆ ಇರಲಿಲ್ಲ ಅಷ್ಟೆ. ಆದರೂ ಕಂಪ್ಯೂಟರುಗಳು ಪೊಲೀಸರ ವಶವಾದವು, ವಿಚಾರಣೆ ಎದುರಿಸಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೆಹಲಿ ಸ್ಫೋಟದ ಇಮೇಲಿಗೆ ಚೆಂಬೂರಿನ ಒಂದು ಕಂಪನಿಯ ವೈಫೈ ಬಳಕೆಯಾಯಿತು. ಮರುವರ್ಷ ದೂರಸಂಪರ್ಕ ಇಲಾಖೆ ಈ ಬಗ್ಗೆ ಸೂಚನೆಗಳನ್ನೇ ಹೊರಡಿಸಿತು.

ಈಗ ಪಾಸ್‌ವರ್ಡ್ ಇಲ್ಲದ ವೈಫೈ ಮನೆಗಳಲ್ಲಿ ಅಪರೂಪ. ಆದರೆ ಆ ಪಾಸ್‌ವರ್ಡ್ ಹುಟ್ಟುವುದು ಹೇಗೆ? ಫೈಬರ್ ಎಳೆಯಲು ಬಂದ ಹುಡುಗ ಏಣಿ ಮಡಿಸುತ್ತ ಕೇಳುತ್ತಾನೆ: ‘ಪಾಸ್‌ವರ್ಡ್ ಏನ್ ಹಾಕ್ಲಿ ಆಂಟಿ?’ ‘ನೆನಪಿರೋ ಹಾಗೆ ಏನೋ ಒಂದು ಹಾಕಪ್ಪ.’ ‘ನಿಮ್ ಮೊಬೈಲ್ ನಂಬರೇ ಹಾಕ್ತೀನಿ ಬಿಡಿ.’ ಮುಗಿಯಿತು. ಅವನಿಗೆ ಮುಂದಿನ ಮನೆಗೆ ಹೋಗಬೇಕು, ನಮಗೆ ಕಾಫಿ ಆರುತ್ತಿದೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ಮೊಬೈಲ್ ನಂಬರಿಗೆ ಹತ್ತು ಅಂಕಿ. ಮೊದಲನೆಯದು 6, 7, 8 ಇಲ್ಲವೇ 9. ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಕೇಳಲು ಭಾರಿ ಸಂಖ್ಯೆಯೇ. ಈಗ ಹೆಚ್ಚಿನ ಮನೆಗಳಲ್ಲಿರುವ ಡಬ್ಲ್ಯುಪಿಎ2 ಪದ್ಧತಿಯಲ್ಲಿ ಫೋನು ಮತ್ತು ರೂಟರ್ ಪಾಸ್‌ವರ್ಡನ್ನು ಗಾಳಿಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಪಾಸ್‌ವರ್ಡ್ ಗೊತ್ತಿದ್ದವರಿಗೆ ಮಾತ್ರ ಸರಿಹೊಂದುವ ಒಂದು ಲೆಕ್ಕವನ್ನು ಪರಸ್ಪರ ಒಪ್ಪಿಸುತ್ತವೆ. ಆದರೆ ರಸ್ತೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವನು ಈ ಲೆಕ್ಕವನ್ನು ಬರೆದುಕೊಂಡು ಹೋಗಬಹುದು. ಆಮೇಲೆ ಅವನು ನಿಮ್ಮ ಮನೆ ಹತ್ತಿರ ಬರಬೇಕಾಗಿಯೇ ಇಲ್ಲ. ಮನೆಯಲ್ಲಿ ಕೂತು ಒಂದೊಂದೇ ಪಾಸ್‌ವರ್ಡ್ ಊಹಿಸಿ, ಲೆಕ್ಕ ತಾಳೆಯಾಗುತ್ತದೋ ಎಂದು ನೋಡುತ್ತಾನೆ. ನಿಮ್ಮ ರೂಟರಿಗೆ ಇದರ ಸುಳಿವೂ ಇರುವುದಿಲ್ಲ. ಪ್ರತಿ ಊಹೆಗೂ ಒಂದೇ ಲೆಕ್ಕವನ್ನು 4,096 ಸಲ ಸುತ್ತಬೇಕೆಂಬ ನಿಯಮ ಇದೆ, ಕಳ್ಳನಿಗೆ ತಡವಾಗಲಿ ಎಂದೇ. ಆದರೂ ವಿಡಿಯೋ ಗೇಮ್ ಆಡಲು ಮಾರುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷ ಊಹೆ ಪರೀಕ್ಷಿಸಬಲ್ಲದು. 400 ಕೋಟಿಗೆ ಎಷ್ಟಾಯಿತು? ನಾಲ್ಕು ಸಾವಿರ ಸೆಕೆಂಡು. ಒಂದು ಗಂಟೆ ಏಳು ನಿಮಿಷದೊಳಗೆ ಇಡೀ ದೇಶದ ಮೊಬೈಲ್ ನಂಬರುಗಳೆಲ್ಲ ಮುಗಿದುಹೋದವು. ಮನೆಯವರ ಹೆಸರು, ಹುಟ್ಟಿದ ಇಸವಿ, ಮನೆದೇವರು, ಇವಕ್ಕೆ ಅಷ್ಟು ಹೊತ್ತೂ ಬೇಡ.

ಹಾಗಾದರೆ ಏನಿಡಬೇಕು? ದಿನಪತ್ರಿಕೆ ಬಿಡಿಸಿ, ಕಣ್ಣುಮುಚ್ಚಿ ಬೆರಳಿಟ್ಟು, ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಆರಿಸಿ. ಒನಕೆ, ಟಿಕೆಟ್, ಜಗಲಿ, ಕಪ್ಪೆ, ನೀಲಿ, ಹೀಗೆ. ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಬರೆಯಿರಿ. (ಇದನ್ನೇ ಇಡಬೇಡಿ ಮತ್ತೆ, ಬಾನುಲಿಯಲ್ಲಿ ಬಂದಾಯಿತು.) ಐದು ಸಾವಿರ ಪದಗಳಲ್ಲಿ ಹೀಗೆ ಐದನ್ನು ಆರಿಸಿದರೆ, ಅದೇ ಕಾರ್ಡಿಗೆ ಎಲ್ಲವನ್ನೂ ನೋಡಿ ಮುಗಿಸಲು ಹತ್ತಿರ ಹತ್ತಿರ ಲಕ್ಷ ವರ್ಷ ಬೇಕು. ಗಾದೆಮಾತು, ಸಿನಿಮಾ ಹಾಡಿನ ಸಾಲು ಬೇಡ. ಅವು ನಿಮಗೆ ನೆನಪಿರುವಷ್ಟೇ ಚೆನ್ನಾಗಿ ಬೇರೆಯವರಿಗೂ ನೆನಪಿರುತ್ತವೆ.

ಇನ್ನೊಂದು ಪಾಸ್‌ವರ್ಡ್ ಇದೆ, ಅದರ ಸುದ್ದಿಗೇ ಯಾರೂ ಹೋಗುವುದಿಲ್ಲ. ರೂಟರನ್ನು ಮಗುಚಿ ನೋಡಿ, ತಳದ ಚೀಟಿಯಲ್ಲಿ ಒಂದು ವಿಳಾಸ ಇರುತ್ತದೆ, 192.168.1.1 ಎಂಬಂತೆ. ಬ್ರೌಸರಿನಲ್ಲಿ ಅದನ್ನು ಟೈಪಿಸಿದರೆ ರೂಟರಿನ ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ. ಚೀಟಿಯಲ್ಲಿ ವಿಳಾಸದ ಕೆಳಗೇ, ಎಷ್ಟೋ ರೂಟರುಗಳಲ್ಲಿ, ಹೆಸರು ಅಡ್ಮಿನ್, ಪಾಸ್‌ವರ್ಡ್ ಕೂಡ ಅಡ್ಮಿನ್. ರೂಟರಿನ ಯಜಮಾನಿಕೆ ಇದು. ಇದು ಸಿಕ್ಕವನು ನಿಮ್ಮ ಬ್ಯಾಂಕಿನ ಹೆಸರು ಟೈಪಿಸಿದಾಗ ನಕಲಿ ಪುಟಕ್ಕೆ ಕಳಿಸುವಂತೆ ರೂಟರನ್ನೇ ತಿರುಗಿಸಿಡಬಹುದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳನ್ನು ವಶಮಾಡಿಕೊಂಡದ್ದು ಇಂಥ 60ರಷ್ಟು ಕಂಪನಿ ಪಾಸ್‌ವರ್ಡುಗಳನ್ನು ಒಂದರ ಹಿಂದೊಂದು ಒತ್ತಿನೋಡಿ, ಅಷ್ಟೇ. ನಿಮ್ಮದು ಬದಲಾಗಿದೆಯೇ, ಇವತ್ತೇ ನೋಡಿ. ಚೀಟಿಯದ್ದು ಒಳಗೆ ಬಿಡದಿದ್ದರೆ ನೆಟ್‌ನವರಿಗೆ ಫೋನ್ ಮಾಡಿ.

ರೂಟರಿನ ಆ ಪುಟ ತೆರೆದಾಗಲೇ ಡಬ್ಲ್ಯುಪಿಎಸ್ ಎಂದಿರುವುದನ್ನು ಆಫ್ ಮಾಡಿಬಿಡಿ. ಎಂಟು ಅಂಕಿಯ ಪಿನ್ ಕೊಟ್ಟು ವೈಫೈ ಸೇರುವ ಸೌಲಭ್ಯ ಅದು. ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂದು ರೂಟರ್ ತಾನೇ ಹೇಳಿಬಿಡುತ್ತದೆ, ಕೊನೆಯ ಅಂಕಿ ಬರೀ ತಾಳೆ ನೋಡಲು. ಹಾಗಾಗಿ ಹನ್ನೊಂದು ಸಾವಿರ ಪ್ರಯತ್ನ ಸಾಕು ಎಂದು 2011ರಲ್ಲೇ ಬಯಲಾಯಿತು. ನಿಮ್ಮ ಪಾಸ್‌ವರ್ಡ್ ಎಷ್ಟೇ ಗಟ್ಟಿಯಿದ್ದರೂ ಇದು ಹಿತ್ತಿಲ ಬಾಗಿಲು. ಭದ್ರತೆಯ ಬಗೆ ಕೇಳಿದರೆ ಡಬ್ಲ್ಯುಪಿಎ3 ಇದ್ದರೆ ಅದು, ಇಲ್ಲದಿದ್ದರೆ ಡಬ್ಲ್ಯುಪಿಎ2. ವೆಪ್ ಎಂಬ ಹಳೆಯ ಬಗೆ ಮಾತ್ರ ಕಾಣಿಸಿದರೆ ಆ ರೂಟರನ್ನು ಗುಜರಿಗೆ ಹಾಕಿ. ವೆಪ್ ಮುರಿದು ಎರಡು ದಶಕ ದಾಟಿದೆ. ವೈಫೈ ಹೆಸರು ಅಡಗಿಸಿಟ್ಟರೆ ಕ್ಷೇಮ ಎಂಬ ಸಲಹೆ ಚಾಲ್ತಿಯಲ್ಲಿದೆ. ನನ್ನ ಮಟ್ಟಿಗೆ ಅದು ಕಾಲಹರಣ: ನಿಮ್ಮ ಫೋನೇ ಅದನ್ನು ಸೇರುವಾಗ ಹೆಸರನ್ನು ಗಾಳಿಗೆ ಬಿಡುತ್ತದೆ.

ನೆಂಟರಿಗೆ, ಅಗ್ಗದ ಕ್ಯಾಮೆರಾಗಳಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿಕೊಡಿ. ಪಾಸ್‌ವರ್ಡ್ ಬದಲಿಸಿದ ಕ್ಷಣ ಮನೆಯ ಫೋನು, ಟಿವಿ, ಕ್ಯಾಮೆರಾ ಎಲ್ಲ ಕಳಚಿಕೊಳ್ಳುತ್ತವೆ, ಎಲ್ಲಕ್ಕೂ ಹೊಸದನ್ನು ಕೊಡಬೇಕು. ಟಿವಿ ರಿಮೋಟಿನಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ ಐದು ಪದ ತುಂಬಿಸುವುದು ಅರ್ಧ ಗಂಟೆಯ ಕೆಲಸ. ಕ್ರಿಕೆಟ್ ಮ್ಯಾಚ್ ಇರುವ ಸಂಜೆ ಇದಕ್ಕೆ ಕೈಹಾಕಬೇಡಿ.