ಪಾಕೀಟು ಸಿಕ್ಕ ಮೇಲೆ: ಹದಿಹರೆಯದ ಚಟವನ್ನು ಗುರುತಿಸುವುದು ಹೇಗೆ?



ಸವದತ್ತಿ ತಾಲ್ಲೂಕಿನ ಹೂಲಿ ಪಂಚಲಿಂಗೇಶ್ವರ ಗುಡಿಗೆ ಹೆಸರಾದ ಊರು. ಅಲ್ಲಿ, ಅಥವಾ ಅಂಥ ಯಾವುದೇ ಊರಿನಲ್ಲಿ, ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಜೇಬಿನಲ್ಲಿ ಎರಡು ಸಣ್ಣ ಪಾಕೀಟುಗಳು ಸಿಕ್ಕವು ಎಂದಿಟ್ಟುಕೊಳ್ಳಿ. ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. 2013ರಲ್ಲಿ ಕರ್ನಾಟಕದಲ್ಲಿ ಗುಟಕಾ ನಿಷೇಧವಾದ ಮೇಲೆ ಎರಡನ್ನೂ ಬೆರೆಸುವ ಕೆಲಸ ಗಿರಾಕಿಯ ಪಾಲಿಗೆ ಬಂತು, ಅಷ್ಟೇ.

“ನಮ್ಮ ಹುಡುಗ ಅಂಥಾಂವ ಅಲ್ರೀ, ಗೆಳ್ಯಾರ ಇಟ್ಟಿರಬೇಕು” ಎನ್ನುತ್ತಾಳೆ ತಾಯಿ. “ಕೆಟ್ಟ ಹುಡುಗ” ಎಂದು ಶಾಲೆಯ ಗುರುಗಳು ಬರೆದಿಟ್ಟುಕೊಳ್ಳುತ್ತಾರೆ. “ನಾ ಸಣ್ಣಾಂವ ಇದ್ದಾಗಿಂದ ತಂಬಾಕ ತಿಂತೇನಿ, ನನಗೇನಾಗೇತಿ?” ಎಂದು ಅಜ್ಜ ನಗುತ್ತಾನೆ. ಮೂವರೂ ತೀರ್ಪು ಕೊಟ್ಟರು. ಹುಡುಗನನ್ನು ಮಾತ್ರ ಯಾರೂ ಏನನ್ನೂ ಕೇಳಲಿಲ್ಲ.

ನಾನು ವೈದ್ಯನಲ್ಲ, ವಿಜ್ಞಾನ ಓದಿ ದೂರದರ್ಶನದ ಕೆಲಸಕ್ಕೆ ಬಂದವನು. ಆರೋಗ್ಯದ ಕಾರ್ಯಕ್ರಮಗಳನ್ನು ರೂಪಿಸುವಾಗ ಮನೋವೈದ್ಯರಿಂದ ತಿಳಿದುಕೊಂಡ ಒಂದು ಮಾತನ್ನು ನಿಮಗೆ ಹೇಳಬೇಕು. ಮೂತ್ರಪರೀಕ್ಷೆ ಮಾಡಿದರೆ ಹುಡುಗ ಈಚೆಗೆ ಏನನ್ನಾದರೂ ಸೇವಿಸಿದ್ದಾನೆಯೇ ಎಂಬುದು ತಿಳಿದೀತು. ಅದು ರೋಗವೇ ಅಲ್ಲವೇ ಎಂಬುದು ತಿಳಿಯುವುದು ಪ್ರಶ್ನೆಗಳಿಂದ.

ಆ ಪ್ರಶ್ನೆಗಳಿಗೂ ಒಂದು ಇತಿಹಾಸವಿದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯನ್ನು ನಮ್ಮ ದೇಶದಲ್ಲೂ ವೈದ್ಯರು ಬಳಸುತ್ತಾರೆ. ಅದರ 1994ರ ಆವೃತ್ತಿ ಮದ್ಯ, ಗಾಂಜಾಗಳಿಗೆ ‘ದುರ್ಬಳಕೆ’ ಮತ್ತು ‘ಅವಲಂಬನೆ’ ಎಂದು ಎರಡು ಹೆಸರು ಕೊಟ್ಟಿತ್ತು. ತಂಬಾಕಿಗೆ ಮಾತ್ರ ‘ಅವಲಂಬನೆ’ ಒಂದೇ. ಏಳು ಲಕ್ಷಣಗಳಲ್ಲಿ ಮೂರು ಇರಬೇಕಿತ್ತು. ಎರಡೇ ಇದ್ದ ಹುಡುಗನಿಗೆ ಯಾವ ಹೆಸರೂ ಇಲ್ಲ. ಅಂದರೆ ಕಾಗದದ ಮೇಲೆ ಅವನು ಆರೋಗ್ಯವಂತ! ಇನ್ನೆರಡು ವರ್ಷ ಚಟ ಬಲಿತು ಬರಲಿ ಎಂದು ಕಾದಂತಾಯಿತು.

2013ರ ಆವೃತ್ತಿ ಈ ಗೋಡೆಯನ್ನು ಕೆಡವಿತು. ಈಗ ಒಟ್ಟು ಹನ್ನೊಂದು ಲಕ್ಷಣಗಳು. ಅಂದುಕೊಂಡದ್ದಕ್ಕಿಂತ ಹೆಚ್ಚು ಸೇವಿಸುವುದು, ಬಿಡಲು ಯತ್ನಿಸಿ ಸೋಲುವುದು, ತಡೆಯಲಾಗದ ಬಯಕೆ, ಓದು ಮತ್ತು ಮನೆಗೆಲಸ ಕೆಡುವುದು, ಹಾನಿ ಗೊತ್ತಿದ್ದೂ ಮುಂದುವರಿಸುವುದು, ಸಿಗದಿದ್ದಾಗ ಚಡಪಡಿಕೆ, ಇಂಥವು. ಹನ್ನೆರಡು ತಿಂಗಳಲ್ಲಿ ಇವುಗಳಲ್ಲಿ ಎರಡು ಮೂರು ಕಂಡರೆ ಸೌಮ್ಯ, ನಾಲ್ಕೈದು ಕಂಡರೆ ಮಧ್ಯಮ, ಆರು ಅಥವಾ ಹೆಚ್ಚಾದರೆ ತೀವ್ರ. ಈ ‘ಸೌಮ್ಯ’ ಎಂಬ ಮೆಟ್ಟಿಲೇ ನಮ್ಮ ಹುಡುಗನಿಗೆ ಬೇಕಾದದ್ದು. ಅಲ್ಲಿ ಹಿಡಿದರೆ ಹಲವು ಸಲ ಆಪ್ತಸಮಾಲೋಚನೆಯೇ ಸಾಕಾಗಬಹುದು.

ಆದರೂ ಇದು ದೊಡ್ಡವರ ಅಳತೆಗೆ ಹೊಲಿದ ಅಂಗಿ. “ಅಂದುಕೊಂಡದ್ದಕ್ಕಿಂತ ಹೆಚ್ಚು ತಿಂದೆಯಾ?” ಎಂದರೆ ಹದಿನಾಲ್ಕರ ಹುಡುಗ ಏನು ಹೇಳಬೇಕು? ಇಷ್ಟೇ ತಿನ್ನಬೇಕೆಂದು ಅವನು ಎಂದೂ ಲೆಕ್ಕ ಹಾಕಿಯೇ ಇಲ್ಲ. ಹಾಗೆಂದು ಹಿಡಿತ ಇಲ್ಲವೆನ್ನಲಾಗದು. ಮ್ಯಾಸಚೂಸೆಟ್ಸ್‌ನ ಡಾ. ಜೋಸೆಫ್ ಡಿಫ್ರಾಂಜಾ ಅವರ ತಂಡ ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳನ್ನು ಅಭ್ಯಾಸ ಮಾಡಿ, ದಿನವೂ ಸಿಗರೇಟು ಸೇದುವ ಹಂತಕ್ಕೆ ಮೊದಲೇ ಕೆಲವರಲ್ಲಿ ಅವಲಂಬನೆಯ ಲಕ್ಷಣಗಳು ಮೂಡುವುದನ್ನು 2000ದಲ್ಲಿ ವರದಿ ಮಾಡಿತು. ಅವರ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಒಂದಕ್ಕೆ ‘ಹೌದು’ ಎಂದರೂ ನಿಕೋಟಿನ್ ಮೇಲಿನ ಸ್ವಾತಂತ್ರ್ಯ ಕುಂದತೊಡಗಿದೆ ಎಂದರ್ಥ. “ಬಿಡಬೇಕೆಂದು ನೋಡಿ, ಆಗದೆ ಹೋಯಿತೇ?” ಎಂಬುದು ಅವುಗಳಲ್ಲಿ ಒಂದು. ಅಜ್ಜನ ನಗುವಿಗೆ ಉತ್ತರ ಇಲ್ಲಿದೆ: ಅಜ್ಜನೂ ಎಂದಾದರೂ ಬಿಡಲು ನೋಡಿದ್ದನೇ, ಕೇಳಿ ನೋಡಿ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ಅಪ್ಪ ಪಕ್ಕದಲ್ಲಿ ನಿಂತಿದ್ದರೆ ಹುಡುಗ “ಇಲ್ಲ” ಎಂದೇ ಹೇಳುತ್ತಾನೆ. ಅವನನ್ನು ಒಬ್ಬನೇ ಕೂರಿಸಿ, ಹೇಳಿದ್ದನ್ನು ಊರಿಗೆಲ್ಲ ಸಾರುವುದಿಲ್ಲವೆಂದು ಭರವಸೆ ಕೊಟ್ಟು ಕೇಳಬೇಕು. ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಹಿರಿಯರಿಗೆ ತಿಳಿಸುತ್ತೇನೆ ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ಇನ್ನೊಂದು ಎಚ್ಚರ: ಅಂಕ ಕಡಿಮೆಯಾದದ್ದು ತಂಬಾಕಿನಿಂದಲೋ, ಅಥವಾ ಕಲಿಕೆಯ ತೊಂದರೆ, ಖಿನ್ನತೆ, ಮನೆಯ ಜಗಳ ಮೊದಲಿದ್ದು ತಂಬಾಕು ಆಮೇಲೆ ಬಂತೋ? ಯಾವುದು ಮುಂಚೆ ಎಂದು ವಿಚಾರಿಸದೆ ಕೊಟ್ಟ ಚಿಕಿತ್ಸೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ತಂಬಾಕಿನ ಜೊತೆಗೆ ಪಂಕ್ಚರ್ ಅಂಗಡಿಯ ಸೊಲ್ಯೂಷನ್, ಥಿನ್ನರ್ ಮೂಸುವ ಮಕ್ಕಳನ್ನೂ ಮರೆಯಬಾರದು. ಕೇಂದ್ರ ಸರ್ಕಾರದ 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹತ್ತರಿಂದ ಹದಿನೇಳು ವಯಸ್ಸಿನವರಲ್ಲಿ ಇಂಥ ಮೂಸುವ ವಸ್ತುಗಳ ಬಳಕೆ ಶೇಕಡಾ 1.17, ದೊಡ್ಡವರಲ್ಲಿ 0.58 ಇತ್ತು. ಮಕ್ಕಳೇ ದೊಡ್ಡವರನ್ನು ಮೀರಿಸಿದ ಚಟ ಇದು.

ಶಾಲೆಯಿಂದ ಹೊರಹಾಕಿದರೆ ಹುಡುಗ ಪಾನ್ ಶಾಪಿಗೆ ಇನ್ನಷ್ಟು ಹತ್ತಿರವಾಗುತ್ತಾನೆ. ನಿಜವಾಗಿ ತಪ್ಪಿತಸ್ಥ ಮಾರಿದವನು: 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನ ಪ್ರಕಾರ ಮಗುವಿಗೆ ತಂಬಾಕು ಕೊಟ್ಟವನಿಗೆ ಏಳು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ.

ಹೂಲಿಯವರಿಗೆ ಸವದತ್ತಿಯ ಸರ್ಕಾರಿ ಆಸ್ಪತ್ರೆ ಹತ್ತಿರ. ಅಲ್ಲಿ ಆಗದಿದ್ದರೆ ಧಾರವಾಡದ ಡಿಮ್ಹಾನ್ಸ್ ಇದೆ. ತಂಬಾಕು ಬಿಡಲು 1800112356, ಮನಸ್ಸಿನ ತೊಂದರೆಗೆ 14416, ಎರಡೂ ಉಚಿತ. ಹೊರಡುವ ಮುಂಚೆ ಹುಡುಗನಿಗೆ ಬಾಯಿ ಅಗಲಿಸಲು ಹೇಳಿ. ಅವನದೇ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹಿಡಿಯದಿದ್ದರೆ, ಅಥವಾ ಖಾರ ತಾಗಿದರೆ ಬಾಯಿ ಉರಿಯುತ್ತಿದ್ದರೆ, ಅಡಿಕೆಯಿಂದ ಕೆನ್ನೆಯ ಒಳಪೊರೆ ಗಡುಸಾಗುತ್ತಿರಬಹುದು. ಆಗ ದಂತವೈದ್ಯರಿಗೂ ಅದೇ ವಾರ ತೋರಿಸಿ.